ಸೊಸೆಯ ಗಣಿತ

ಯುಗಾದಿ ಕಳೆದು ವಾರವಾಗಿತ್ತು. ಹೇಮಲತಾ ಆಸ್ಪತ್ರೆಯಿಂದ ಬರುವಾಗ ಚೀಲದಲ್ಲಿ ಒಂದು ಕಾಗದ ತಂದಿದ್ದಳು. ಅದನ್ನು ಮೂರು ದಿನ ಯಾರಿಗೂ ತೋರಿಸಲಿಲ್ಲ. ನಾಲ್ಕನೆಯ ದಿನ ಭಾನುವಾರ. ಅವಳ ಗಂಡ ಚನ್ನವೀರ ಲೈಟ್ ಬಿಲ್ ಹುಡುಕುತ್ತ ಆ ಚೀಲಕ್ಕೆ ಕೈ ಹಾಕಿದ. ಕಾಗದ ಸಿಕ್ಕಿತು. ಊಟಕ್ಕೆ ಕೂತಾಗ ಅದನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಓದಿದ.

ಕಾಗದ ಮರಾಠಿಯಲ್ಲಿತ್ತು. ನಾಗಪುರದ ರಾಮದಾಸಪೇಠದ ಆ ಆಸ್ಪತ್ರೆಗೆ ಹೊಸ ಮಾಲೀಕರು ಬಂದಿದ್ದರು. ಆಯಾ, ವಾರ್ಡ್‌ಬಾಯ್ ಎಲ್ಲರೂ ಜುಲೈ ಕೊನೆಯೊಳಗೆ ಹತ್ತನೆಯ ತರಗತಿ ಪಾಸಾದ ಅಂಕಪಟ್ಟಿ ಕೊಡಬೇಕು, ಕೊಡದವರು ಗುತ್ತಿಗೆ ಹಿಡಿದ ಠೇಕೇದಾರನ ಕೈಕೆಳಗೆ ಹೋಗುತ್ತಾರೆ ಎಂದಿತ್ತು. ಠೇಕೇದಾರನ ಕೈಕೆಳಗೆ ಎಂದರೆ ರಜೆಯಿಲ್ಲ, ಪಿಎಫ್ ಇಲ್ಲ, ನಾಳೆ ಬರಬೇಡ ಎಂದರೆ ಕೇಳುವವರಿಲ್ಲ. ಹೇಮಲತಾ ಅಲ್ಲಿ ಒಂಬತ್ತು ವರ್ಷ ದುಡಿದಿದ್ದಳು.

"ಇಷ್ಟ ಹೌದಲ್ಲೋ? ಇದಕ್ಕ್ಯಾಕ ಮುಚ್ಚಿಟ್ಟಿ?" ಎಂದ ಚನ್ನವೀರ. "ನಿಮ್ಮಣ್ಣ ಭೀಮಪ್ಪಗ ಫೋನ್ ಮಾಡು. ಮಾರ್ಕ್ಸ್ ಕಾರ್ಡ್ ನಿನ್ನ ತವರಮನಿ ಟ್ರಂಕಿನಾಗ ಇರಬೇಕು. ಕೊರಿಯರ್ ಮಾಡ್ಲಿ."

ಹೇಮಲತಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ಸಾಕಂದ್ನೆಲ್ಲ."

"ಇರ್ಲಿ, ತಿನ್ರಿ."

"ಇವತ್ತ ಮಾಡ್ತೀಯಿಲ್ಲೋ ಫೋನು?"

"ಅದು ಟ್ರಂಕಿನಾಗ ಇಲ್ರಿ."

"ಮತ್ತೆಲ್ಲೈತಿ?"

"ಎಲ್ಲೂ ಇಲ್ಲ. ನಾ ಗಣಿತದಾಗ ನಪಾಸ ಆಗೀನಿ. ಹತ್ತೊಂಬತ್ತು ಬಂದಿದ್ವು."

ಚನ್ನವೀರನ ತಾಯಿ ಜಯವ್ವ ಗೋಡೆಗೊರಗಿ ಕೂತು ಮಜ್ಜಿಗೆ ಅನ್ನ ಕಲಸುತ್ತಿದ್ದಳು. ಕೈ ನಿಂತಿತು.

"ಏನಂದಿ?"

"ನಪಾಸ್, ಅತ್ತಿ."

"ನಿಮ್ಮಪ್ಪ ನಮ್ಮ ಮನಿ ಜಮಖಾನಿ ಮ್ಯಾಲ ಕುಂತು, ನಮ್ಮ ಚಾ ಕುಡದು, ಹುಡುಗಿ ಎಸ್ಸೆಸ್ಸೆಲ್ಸಿ ಪಾಸ್ ಅಂದಿದ್ದ! ಅಲ್ಲಲೇ ಚನ್ನಾ, ಅಂದಿದ್ನೋ ಇಲ್ಲೋ?"

"ಅಂದಿದ್ರು," ಎಂದ ಚನ್ನವೀರ.

"ಹತ್ತೊಂಬತ್ತು ವರ್ಷ ನಾ ಊರ ಮಂದಿಗೆಲ್ಲ ಹೇಳಿಕೋತ ಬಂದೀನಿ, ನಮ್ಮ ಸೊಸಿ ಕಲತಾಕಿ ಅಂತ. ಮ್ಯಾಲಿನ ಮನಿ ಪ್ರೇಮಾಗ ಹೇಳೀನಿ. ಬಳಗದವರಿಗೆ ಹೇಳೀನಿ."

ಇಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದ ಮಗಳು ತೇಜಶ್ರೀ ತಲೆಯೆತ್ತಿದಳು. ಅವಳಿಗೆ ಹದಿನೇಳು, ಹನ್ನೊಂದನೆಯ ಸೈನ್ಸ್ ಪರೀಕ್ಷೆ ಆಗಷ್ಟೇ ಮುಗಿದಿತ್ತು.

"ಥಾಂಬ್ ಥಾಂಬ್. ತಡಿ ಮಮ್ಮಿ, ಹತ್ತನೇದಾಗ ನಂಗ ಗಣಿತಕ್ಕ ಎಂಬತ್ತೆಂಟು ಬಂದಾಗ ನೀ ಎರಡು ದಿವಸ ಮಾತಾಡ್ಸಿರಲಿಲ್ಲ. ಹನ್ನೆರಡು ಮಾರ್ಕ್ಸ್ ಎಲ್ಲಿ ಚೆಲ್ಲಿ ಬಂದಿ ಅಂತ ಕೇಳಿದ್ದಿ. ನಿಂಗ ಹತ್ತೊಂಬತ್ತು?"

"ಹೂಂ."

"ಹತ್ತೊಂಬತ್ತು!"

"ಒಮ್ಮೆ ಹೇಳಿದ್ನೆಲ್ಲ, ಎಷ್ಟ ಸಲ ಹೇಳಿಸ್ತಿ?" ಎಂದು ಹೇಮಲತಾ ಎದ್ದು ಒಲೆ ಆರಿಸಿದಳು. ಅಲ್ಲಿಂದಲೇ, ಬೆನ್ನು ತಿರುಗಿಸಿಕೊಂಡು ಉಳಿದದ್ದನ್ನು ಹೇಳಿದಳು. ಮತ್ತೊಮ್ಮೆ ಪರೀಕ್ಷೆಗೆ ಕೂರುತ್ತೇನೆ ಎಂದು ಅಪ್ಪನನ್ನು ಬೇಡಿಕೊಂಡಿದ್ದಳಂತೆ. ಅಷ್ಟರಲ್ಲಿ ಅಪ್ಪ ಪಾಸೆಂದು ಓಣಿಗೆಲ್ಲ ಹೇಳಿಯಾಗಿತ್ತು. ಪಾಸಾದವಳು ಮತ್ತೆ ಪರೀಕ್ಷೆಗೆ ಯಾಕೆ ಹೋಗುತ್ತಾಳೆ ಎಂದು ಮಂದಿ ಕೇಳಿದರೆ ಏನು ಹೇಳುವುದು? ಹಾಗಾಗಿ ಗಣಿತ ಹಾಗೇ ಉಳಿಯಿತು. ಮುಂದೆ ಮದುವೆಯಾಯಿತು, ನಾಗಪುರಕ್ಕೆ ಬಂದಳು.

ಆ ವಾರವೆಲ್ಲ ಜಯವ್ವನ ಬಾಯಿಗೆ ಬಿಡುವಿರಲಿಲ್ಲ. ಹಾಲು ಉಕ್ಕಿದರೆ, "ಪಾಸಾಗಿದ್ರ ಉಕ್ಕತಿರಲಿಲ್ಲ." ಪಲ್ಯಕ್ಕೆ ಉಪ್ಪು ಹೆಚ್ಚಾದರೆ, "ಲೆಕ್ಕ ಬರದಾಕಿ ಕೈಯಾಗ ಉಪ್ಪು ಕೊಟ್ರ ಇನ್ನೇನಾಗತೈತಿ?" ಹೇಮಲತಾ ಪಾತ್ರೆಗಳನ್ನು ಎಂದಿಗಿಂತ ಜೋರಾಗಿ ಇಟ್ಟಳು.

ಚನ್ನವೀರ ಸಿಟ್ಟು ಮಾಡಲಿಲ್ಲ, ಆದರೆ ನಾಲ್ಕು ದಿನ ಹೆಂಡತಿಯ ಮುಖ ನೋಡಿ ಮಾತಾಡಲೂ ಇಲ್ಲ. ಅವನು ಬುಟಿಬೋರಿಯ ಕಾರ್ಖಾನೆಯಲ್ಲಿ ಮಷೀನ್ ಆಪರೇಟರ್. ಐದನೆಯ ದಿನ ಶಿಫ್ಟ್ ಮುಗಿಸಿ ಬಂದವನು ತಾನಾಗಿಯೇ ಗೋಕಾಕದ ಭೀಮಪ್ಪನಿಗೆ ಫೋನ್ ಹಚ್ಚಿದ. ಭೀಮಪ್ಪ ಮೊದಲು ಹತ್ತು ನಿಮಿಷ ಕ್ಷಮೆ ಕೇಳಿದ. ಮರುದಿನ ಶಾಲೆಗೆ ಹೋಗಿ ವಿಚಾರಿಸಿ ತಿರುಗಿ ಫೋನ್ ಮಾಡಿದ. ಉಳಿದ ವಿಷಯ ಮತ್ತೆ ಬರೆಯಬೇಕಿಲ್ಲ, ಗಣಿತ ಒಂದನ್ನೇ ಖಾಸಗಿಯಾಗಿ ಕಟ್ಟಬಹುದು. ಪರೀಕ್ಷೆ ಜೂನ್ ಮೊದಲ ವಾರ. ಹಳೆಯ ಪಠ್ಯ ಇಲ್ಲ, ಹೊಸ ಪುಸ್ತಕದ ಮೇಲೆಯೇ ಬರೆಯಬೇಕು. ನೂರಕ್ಕೆ ಮೂವತ್ತೈದು ಬಂದರೆ ಪಾಸು.

"ಕಲಸೋರ್ಯಾರು?" ಎಂದಳು ಹೇಮಲತಾ.

ಚನ್ನವೀರ ಮಗಳ ಕಡೆ ನೋಡಿದ.

"ಮೀ ನಾಹಿ, ನಾ ಒಲ್ಲೆ," ಎಂದಳು ತೇಜಶ್ರೀ. "ನಂಗ ಸೂಟಿ ಐತಿ. ನಾ ಗೆಳತ್ಯಾರ ಜೋಡಿ ಸ್ವಿಮಿಂಗಿಗೆ ಹೆಸರ ಕೊಟ್ಟೀನಿ."

"ಮುಂಜಾನೆ ಈಜು. ಸಂಜಿಕೆ ಕಲಸು."

"ಪಪ್ಪಾ!"

"ನಿಮ್ಮವ್ವ ಠೇಕೇದಾರನ ಕೈಯಾಗ ಹೋದ್ರ ನಿನ್ನ ಹನ್ನೆರಡನೇ ಕ್ಲಾಸಿನ ಫೀ ನಾ ಒಬ್ಬನ ತುಂಬಬೇಕು. ಈಜಿಕೋತ ವಿಚಾರ ಮಾಡು."

ಭೀಮಪ್ಪ ಕಳಿಸಿದ ಪುಸ್ತಕ ಕೊರಿಯರಿನಲ್ಲಿ ಬಂದಾಗ ಹೊಸ ತೊಂದರೆ ಕಾಣಿಸಿಕೊಂಡಿತು. ಪುಸ್ತಕ ಕನ್ನಡದ್ದು. ತೇಜಶ್ರೀ ಹತ್ತನೆಯವರೆಗೆ ಓದಿದ್ದು ಮರಾಠಿಯಲ್ಲಿ, ಈಗ ಇಂಗ್ಲಿಷಿನಲ್ಲಿ. ಕನ್ನಡ ಮಾತಾಡುತ್ತಿದ್ದಳು, ಓದುವುದಕ್ಕೆ ಬಸ್ಸಿನ ಬೋರ್ಡ್ ಕೂಡ ಬರುತ್ತಿರಲಿಲ್ಲ. ತಾಯಿಗೆ ಓದಲು ಬರುತ್ತಿತ್ತು, ಲೆಕ್ಕ ಬರುತ್ತಿರಲಿಲ್ಲ. ಮಗಳಿಗೆ ಲೆಕ್ಕ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

ಹೇಮಲತಾಳ ಕೆಲಸ ಮೂರಕ್ಕೆ ಮುಗಿಯುತ್ತಿತ್ತು. ಬಸ್ಸಿನಲ್ಲಿ ಬಂದು, ಕೂಲರಿಗೆ ನಾಲ್ಕು ಕೊಡ ನೀರು ಸುರಿದು, ಐದಕ್ಕೆ ಅದರ ಮುಂದೆ ಕೂರುತ್ತಿದ್ದಳು. ಕೂಲರ್ ಎಷ್ಟು ಸದ್ದು ಮಾಡುತ್ತಿತ್ತೆಂದರೆ ಗಣಿತವನ್ನು ಕೂಗಿಯೇ ಹೇಳಿಕೊಡಬೇಕಿತ್ತು.

"ಇದರ ಅವಯವ ತಗೀಬೇಕು," ಎಂದಳು ತೇಜಶ್ರೀ ಮೊದಲ ದಿನ.

"ಯಾರ ಅವಯವ?"

"ಇದರದು. ಎಕ್ಸ್ ವರ್ಗ ಅಧಿಕ ಏಳು ಎಕ್ಸ್ ಅಧಿಕ ಹನ್ನೆರಡು. ಇದರ ಅವಯವ."

"ಅವಯವ ಅಂದ್ರ ಕೈ ಕಾಲು, ಲಿವರು, ಕಿಡ್ನಿ. ನಾ ದಿನಾ ನೋಡತೀನಿ. ಇದಕ್ಕೆಲ್ಲೈತಿ?"

"ಅಗಂ ಮಮ್ಮಿ, ಫ್ಯಾಕ್ಟರ್! ಮರಾಠಿಯೊಳಗ ಹಂಗ ಅಂತಾರ. ನಿನ್ನ ಪುಸ್ತಕದಾಗ ಏನಂದಾರ?"

ಹೇಮಲತಾ ಬೆರಳಿಟ್ಟು ಓದಿದಳು. "ಅಪವರ್ತಿಸಿ."

"ಅಪ... ಏನು?"

ಮಂಚದ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಜಯವ್ವ ನಿಟ್ಟುಸಿರು ಬಿಟ್ಟಳು. "ಹೆಸರ ಹೇಳೂದರಾಗ ಕತ್ತಲಾತು. ರೊಟ್ಟಿ ಯಾವಾಗ ಬಡಿಯಾಕಿ?"

ತ್ರಿಕೋನಮಿತಿ ಶುರುವಾದ ದಿನ ಇನ್ನೂ ಕೆಟ್ಟದಾಯಿತು. ತೇಜಶ್ರೀ ಹಾಳೆಯ ಮೇಲೆ ನೆಟ್ಟಗೆ ಒಂದು ಗೆರೆ, ಅಡ್ಡ ಒಂದು ಗೆರೆ, ಅವೆರಡನ್ನು ಕೂಡಿಸಿ ಓರೆ ಗೆರೆ ಎಳೆದು, "ಇದು ಕಾಟಕೋನ," ಎಂದಳು.

"ಯಾವ ಕೋಣ?" ಎಂದಳು ಜಯವ್ವ.

"ಕಾಟಕೋನ, ಆಯಿ. ತೊಂಬತ್ತು ಡಿಗ್ರಿ," ಎಂದಳು ತೇಜಶ್ರೀ ಅಜ್ಜಿಗೆ.

"ಕಾಟ ಕೊಡೂ ಕೋಣ ಹೌದು. ಮನಿ ಮಂದಿಗೆಲ್ಲ ಕಾಟ."

ಹೇಮಲತಾ ನಕ್ಕಳು. ತೇಜಶ್ರೀ ಪೆನ್ನು ಕೆಳಗಿಟ್ಟಳು. "ನಗ್ರಿ, ನಗ್ರಿ. ಜೂನಿನ್ಯಾಗ ಅಳಾಕ ಬರತೈತಿ."

ಮೂರು ವಾರ ಹೀಗೆಯೇ ನಡೆಯಿತು. ಊಟದ ಹೊತ್ತು ಹಿಂದೆ ಹಿಂದೆ ಹೋಯಿತು. ಒಂದು ದಿನ ಬದನೆಕಾಯಿ ಹತ್ತಿ ತಳ ಕರಿಯಾಯಿತು, ಇನ್ನೊಂದು ದಿನ ಚನ್ನವೀರನ ಡಬ್ಬಿಯಲ್ಲಿ ಬರೀ ಶೇಂಗಾ ಚಟ್ನಿ ಇತ್ತು. "ಏನು, ಮನ್ಯಾಗ ಬರಗಾಲನ?" ಎಂದು ಕಾರ್ಖಾನೆಯ ಜೊತೆಗಾರರು ಕೇಳಿದರಂತೆ. ಏಳಕ್ಕೆ ಜಯವ್ವನ ಧಾರಾವಾಹಿ. ಅವಳು ಟಿವಿ ಜೋರು ಮಾಡುತ್ತಿದ್ದಳು, ತೇಜಶ್ರೀ ಇನ್ನೂ ಜೋರಾಗಿ ಕೂಗುತ್ತಿದ್ದಳು. ಮೇಲಿನ ಮನೆಯ ಕನ್ನಡತಿ ಪ್ರೇಮಾ ಒಮ್ಮೆ ಮೆಟ್ಟಿಲಿನಿಂದಲೇ ಬಗ್ಗಿ, "ಏನ್ರೀ ಜಯಮ್ಮ, ಎಲ್ಲಾ ಚೆನ್ನಾಗಿದೀರಿ ತಾನೆ? ಜಗಳ ಏನಾದ್ರೂ..." ಎಂದಳು. ಜಯವ್ವ, "ಹುಡುಗಿಗೆ ಆಕಿ ಅವ್ವ ಓದಸಾಕತ್ತಾಳ್ರಿ," ಎಂದು ಹೇಳಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಹೇಮಲತಾಳಿಗೆ ಕೂಡುವ ಚಿಹ್ನೆ ಇದ್ದರೆ ಬರುತ್ತಿತ್ತು. ಗುಣಿಸಿದರೆ ಹನ್ನೆರಡು, ಕೂಡಿದರೆ ಏಳು ಆಗುವ ಎರಡು ಸಂಖ್ಯೆ ಎಂದರೆ ಮೂರು ಮತ್ತು ನಾಲ್ಕು ಎನ್ನುತ್ತಿದ್ದಳು. ಕಳೆಯುವ ಚಿಹ್ನೆ ಬಂದ ಕೂಡಲೇ ಎಲ್ಲ ಕಲಸಿಹೋಗುತ್ತಿತ್ತು.

ಏಪ್ರಿಲ್ ಕೊನೆಯ ಒಂದು ಸಂಜೆ ಕರೆಂಟ್ ಹೋಗಿ ಕೂಲರ್ ನಿಂತಿತ್ತು. ಎಲ್ಲರ ಬೆನ್ನೂ ಒದ್ದೆ. ಲೆಕ್ಕ ಎಕ್ಸ್ ವರ್ಗ ಋಣ ಎಕ್ಸ್ ಋಣ ಹನ್ನೆರಡು. ಹೇಮಲತಾ ಐದನೆಯ ಸಲವೂ ಧನ ನಾಲ್ಕು, ಋಣ ಮೂರು ಎಂದು ಬರೆದಳು.

"ಕೂಡು," ಎಂದಳು ತೇಜಶ್ರೀ. "ನಾಲ್ಕರಾಗ ಮೂರು ಹೋದ್ರ?"

"ಒಂದು."

"ನಮಗ ಬೇಕಾಗಿದ್ದು?"

"ಒಂದ."

"ವಜಾ ಒಂದು! ಮೈನಸ್ ಒಂದು! ಕಿತೀ ವೇಳಾ ಸಾಂಗೂ ತುಲಾ? ಎಷ್ಟ ಸಲ ಹೇಳ್ಲಿ ನಿಂಗ? ಐದು ಸಲ ಆತು. ತಲಿಯಾಗ ಏನ ತುಂಬಿಕೊಂಡಿ, ಸಗಣೀನ?"

ಹೇಮಲತಾಳ ಕೈಯಲ್ಲಿದ್ದ ಪೆನ್ನು ನಿಂತಿತು. ಅದು ಅವಳದೇ ಮಾತು. ಮಗಳು ಆರನೆಯಲ್ಲಿದ್ದಾಗ, ಏಳನೆಯಲ್ಲಿದ್ದಾಗ, ಇದೇ ಜಾಗದಲ್ಲಿ ಕೂತು ಇವಳೇ ಹೇಳಿದ್ದು.

ಮಂಚದಿಂದ ಜಯವ್ವ ಎದ್ದು ನಿಂತಳು. ಮೊಣಕಾಲು ನೋವಿನವಳು ಹಾಗೆ ಒಮ್ಮೆಲೇ ಎದ್ದದ್ದನ್ನು ಯಾರೂ ನೋಡಿರಲಿಲ್ಲ.

"ಏ ಹುಡುಗಿ! ನಾಲಿಗಿ ಹಿಡಿ."

"ಆಯಿ, ನೀ ನಡು ಬರಬ್ಯಾಡ. ನೀನೂ ದಿನಾ ಬೈತಿಯೆಲ್ಲ ಆಕಿಗೆ!"

"ಆಕಿ ನನ್ನ ಸೊಸಿ. ಬೈಯಾಕ ನಾ ಇದ್ದೀನಿ. ನಿಂದೇನು ಅದರಾಗ?"

"ಮಮ್ಮಿ ನಂಗ ಹಿಂಗ ಅಂತಿದ್ಲು."

"ಅಂದಿರಬೇಕು. ಆಕಿ ನಿನ್ನ ಹಡದಾಳ. ನೀ ಆಕೀನ ಹಡದೀಯೇನು?"

ಹೇಮಲತಾ ಪುಸ್ತಕ ಮುಚ್ಚಿದಳು. "ಬ್ಯಾಡ ಬಿಡ್ರಿ. ಯಾರ ಕೈಯಾಗ ಆದ್ರೇನು, ದುಡಿಯೂದು ದುಡಿಯೂದ. ಠೇಕೇದಾರನ ಕೈಯಾಗ ದುಡೀತೀನಿ." ಅಡುಗೆಮನೆಗೆ ಹೋಗಿ ಹಿಟ್ಟು ನಾದತೊಡಗಿದಳು. ಆ ರಾತ್ರಿ ಊಟ ಹೊತ್ತಿಗೆ ಸರಿಯಾಗಿ ಆಯಿತು. ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ.

ಮರುದಿನ ಪುಸ್ತಕ ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಚನ್ನವೀರ ತಾನೇ ಹೇಳಿಕೊಡುತ್ತೇನೆಂದು ಪುಸ್ತಕ ಹಿಡಿದು ಅರ್ಧ ಗಂಟೆ ಕೂತ. ಪುಟ ತಿರುವಿದ, ತಲೆ ಕೆರೆದುಕೊಂಡ, "ಇದೆಲ್ಲ ನಮ್ಮ ಕಾಲದಾಗ ಇರಲಿಲ್ಲ," ಎಂದು ಇಟ್ಟುಬಿಟ್ಟ.

"ಇತ್ತು," ಎಂದಳು ಹೇಮಲತಾ ಒಳಗಿನಿಂದ. "ಅದರಾಗ ನಾ ನಪಾಸ ಆಗಿದ್ದು."

ಮೂರನೆಯ ದಿನ ಬೆಳಿಗ್ಗೆ ಹೇಮಲತಾ ಡಬ್ಬಿ ಮರೆತು ಹೋದಳು. ಜಯವ್ವ ಅದನ್ನು ಚೀಲಕ್ಕೆ ಹಾಕಿ ಮೊಮ್ಮಗಳ ಮುಂದೆ ಇಟ್ಟಳು. "ಕೊಟ್ಟ ಬಾ."

"ಕ್ಯಾಂಟೀನಿನ್ಯಾಗ ತಿಂತಾಳ."

"ನಿಮ್ಮವ್ವ ಕ್ಯಾಂಟೀನಿನ್ಯಾಗ ತಿಂದಿದ್ದನ್ನ ಯಾವಾಗರ ನೋಡೀಯೇನು? ಉಪವಾಸ ಇರತಾಳ. ಎದ್ದೇಳು."

ತೇಜಶ್ರೀ ಮುಖಕ್ಕೆ ಓಢಣಿ ಸುತ್ತಿಕೊಂಡು ಬಸ್ ಹತ್ತಿದಳು. ಹೊರಗೆ ನಲವತ್ತನಾಲ್ಕು ಡಿಗ್ರಿ ಬಿಸಿಲು. ಅವಳು ತಾಯಿಯ ಆಸ್ಪತ್ರೆಗೆ ಬಂದು ಎರಡು ಮೂರು ವರ್ಷವಾಗಿತ್ತು. ಹಿಂಬಾಗಿಲಿನ ಹತ್ತಿರ ನಿಂತು ಕೇಳಿದಾಗ ವಾಚ್‌ಮನ್ ಮೇಲಕ್ಕೆ ಕೈ ತೋರಿಸಿದ.

ನೆಲಮಟ್ಟದಿಂದ ಹೊಸ ಕಟ್ಟಡದ ಬಾಗಿಲಿಗೆ ಏರುವ ಉದ್ದನೆಯ ಇಳಿಜಾರಿನಲ್ಲಿ ಹೇಮಲತಾ ಸ್ಟ್ರೆಚರ್ ದೂಡುತ್ತಿದ್ದಳು. ಮೇಲೆ ಮಲಗಿದ್ದವನು ಭಾರಿ ಆಳು, ಕಾಲಿಗೆ ಪ್ಲಾಸ್ಟರ್. ಮುಂದೆ ಎಳೆಯಬೇಕಿದ್ದ ವಾರ್ಡ್‌ಬಾಯ್ ಒಂದು ಕೈಯಲ್ಲಿ ಫೋನ್ ಹಿಡಿದಿದ್ದ. ಹೇಮಲತಾ ಎರಡೂ ತೋಳು ನೆಟ್ಟಗೆ ಚಾಚಿ, ತಲೆ ಬಗ್ಗಿಸಿ, ಚಪ್ಪಲಿ ಜಾರದಂತೆ ಬೆರಳೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ನಡುವೆ ಒಮ್ಮೆ ಸ್ಟ್ರೆಚರ್ ಹಿಂದಕ್ಕೆ ಸರಿಯಿತು. ಅವಳು ಎದೆ ಕೊಟ್ಟು ತಡೆದಳು. ತೇಜಶ್ರೀ ಡಬ್ಬಿ ಹಿಡಿದು ಕೆಳಗೆ ನಿಂತೇ ಇದ್ದಳು.

ರೋಗಿಯನ್ನು ಒಳಗೆ ಬಿಟ್ಟು ಬಂದ ಹೇಮಲತಾ ಮಗಳನ್ನು ಕಂಡು ಗಾಬರಿಯಾದಳು. "ಏನಾತು? ಆಯಿ ಅರಾಮ ಅದಾಳಿಲ್ಲೋ?"

"ಡಬ್ಬಿ ಬಿಟ್ಟ ಬಂದಿದ್ದಿ."

ಇಳಿಜಾರಿನ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಕೂತರು. ಹೇಮಲತಾ ಎರಡು ತುತ್ತು ತಿಂದಳು. ತೇಜಶ್ರೀ ಡಬ್ಬಿಯ ಮುಚ್ಚಳದಿಂದ ತಾಯಿಗೆ ಗಾಳಿ ಹಾಕತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಹೇಮಲತಾ ಇಳಿಜಾರಿನ ಕಡೆ ರೊಟ್ಟಿಯ ಚೂರು ತೋರಿಸಿದಳು.

"ತೇಜು, ಇದು ವಿಕರ್ಣ ಹೌದಲ್ಲೋ?"

ತೇಜಶ್ರೀಯ ಕೈ ನಿಂತಿತು. "ಯಾವುದು?"

"ಈ ಏರು. ನೆಲ ಅಂದ್ರ ಪಾದ, ಆ ತುದೀಲಿರೂ ಗ್ವಾಡಿ ಲಂಬ. ಓರೆ ಇರೂದು ಇದ. ನಾ ದೂಡಿಕೋತ ಬರೂದು ವಿಕರ್ಣದ ಮ್ಯಾಲ."

"ಹೌದು. ನಮ್ಮದರಾಗ ಕರ್ಣ ಅಂತಾರ. ಬರೋಬರ್."

"ಹಳೇ ಕಟ್ಟಡದಾಗಿನ ಏರು ಇದರಕಿಂತ ಗಿಡ್ಡ ಇತ್ತು, ಎತ್ತರ ಮಾತ್ರ ಇಷ್ಟ. ಅಲ್ಲಿ ಮೂರು ಮಂದಿ ಬೇಕಾಗತಿತ್ತು. ವಿಕರ್ಣ ಉದ್ದ ಆದ್ರ ಕೋನ ಸಣ್ಣದಾಗತೈತಿ, ಅದಕ್ಕ ದೂಡಾಕ ಹಗರ. ನೀ ಹೇಳೂ ಸೈನ್ ಅಂದ್ರ ಇದ ಹೌದಲ್ಲೋ? ಲಂಬಕ್ಕ ವಿಕರ್ಣದಿಂದ ಭಾಗಸೂದು?"

ತೇಜಶ್ರೀ ಎದ್ದು ಹೋಗಿ ಇಳಿಜಾರನ್ನು ಹೆಜ್ಜೆಯಿಂದ ಅಳೆದು ಬಂದಳು. "ಹನ್ನೆರಡು ಮೀಟರ್ ಅಂದಾಜು. ಎತ್ತರ ಒಂದು ಮೀಟರ್. ಸೈನ್ ಅಂದ್ರ ಒಂದು ಭಾಗಿಲೆ ಹನ್ನೆರಡು." ಮೊಬೈಲಿನಲ್ಲಿ ಒತ್ತಿ ನೋಡಿದಳು. "ಐದು ಡಿಗ್ರೀನೂ ಇಲ್ಲ."

"ಪುಸ್ತಕದಾಗ ಬರೇ ಮೂವತ್ತು, ನಲವತ್ತೈದು, ಅರವತ್ತು. ಇದು ಮೂವತ್ತು ಆಗಬೇಕಂದ್ರ?"

"ನೀನ ಹೇಳು. ಸೈನ್ ಮೂವತ್ತು ಎಷ್ಟು?"

"ಅರ್ಧ."

"ಹಂಗಾದ್ರ ಹನ್ನೆರಡರ ಅರ್ಧ."

"ಆರು ಮೀಟರ್ ಏರಬೇಕೇನು? ಎರಡು ಮಾಳಿಗಿ ಆತಲ್ಲ!" ಹೇಮಲತಾ ಡಬ್ಬಿ ಮುಚ್ಚಿದಳು. "ಆ ಪುಸ್ತಕ ಬರದವನ್ನ ಒಂದ ದಿವಸ ಇಲ್ಲಿ ದೂಡಾಕ ಹಚ್ಚಬೇಕು."

ತೇಜಶ್ರೀ ನಕ್ಕಳು. ಕ್ಷಮಿಸು ಎಂದು ಅವಳು ಹೇಳಲಿಲ್ಲ. ಹೊರಡುವಾಗ, "ಸಂಜಿಗೆ ಜಲ್ದಿ ಬಾ. ವಜಾದ್ದು ಮತ್ತೊಮ್ಮೆ ಮಾಡೂಣು," ಎಂದಳು.

"ವಜಾ ಅನಬ್ಯಾಡ. ನಮ್ಮ ಪೇಪರಿನ್ಯಾಗ ಋಣ ಅಂತ ಬರತೈತಿ."

"ಆತ, ಋಣ."

ಅವತ್ತು ಹೇಮಲತಾ ಮನೆಗೆ ಬಂದಾಗ ಕೂಲರಿಗೆ ನೀರು ತುಂಬಿತ್ತು. ಜಯವ್ವ ಗ್ಯಾಸ್ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು.

"ಸರೀರಿ ಅತ್ತಿ, ನಾ ಮಾಡತೀನಿ. ನಿಮ್ಮ ಕಾಲು..."

"ಕಾಲು ನಂದು. ನೀ ಹೋಗಿ ಕುಂದರು. ಎರಡ ಸಲ ನಪಾಸ್ ಆದಾಕಿ ಅತ್ತಿ ಅನ್ನಿಸಿಕೊಳ್ಳಾಕ ನಾ ತಯಾರಿಲ್ಲ."

ಮೇ ತಿಂಗಳೆಲ್ಲ ರೊಟ್ಟಿ ಜಯವ್ವನದು. ಒಂದೊಂದು ರೊಟ್ಟಿಗೂ ಒಂದೊಂದು ಗೊಣಗಾಟ. ಹಿಟ್ಟು ಜಿಗುಟಿಲ್ಲ, ಸೆಕೆ ತಾಳಲಾರೆ, ಮೊಣಕಾಲು ಹೋಯಿತು, ಈ ಮನೆಗೆ ತಾನು ಬಿಟ್ಟಿ ಆಳು. ಆದರೆ ಬಾಯಿ ಅಲ್ಲಿದ್ದರೂ ಕಿವಿ ಇಲ್ಲಿರುತ್ತಿತ್ತು. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು ಅವಳು. ಹೇಮಲತಾ ತರಕಾರಿ ಹೆಚ್ಚುವಾಗ ತೇಜಶ್ರೀಗೆ ಪುಸ್ತಕ ಓದಿ ಹೇಳುವವರು ಬೇಕಿತ್ತು. ಜಯವ್ವ ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದತೊಡಗಿದಳು.

"ಒಂದು ಗೋಪುರದ ಪಾದದಿಂದ... ಮೂವತ್ತು ಮೀಟರ್ ದೂರದಲ್ಲಿ ನಿಂತು... ಅದರ ತುದಿಯನ್ನು ನೋಡಿದಾಗ... ಉನ್ನತ ಕೋನ ಅರವತ್ತು ಡಿಗ್ರಿ ಇದ್ದರೆ... ಗೋಪುರದ ಎತ್ತರ ಎಷ್ಟು? ಅಲ್ಲಾ, ಅಲ್ಲಿ ಪೂಜಾರಿ ಇರತಾನಲ್ಲ, ಅವನ್ನ ಕೇಳಿದ್ರ ಆಗೂದಿಲ್ಲೇನು?"

"ಆಯಿ, ಬರೇ ಓದು."

"ಓದಾಕತ್ತೀನಿ. ಗೋಪುರ ಅಂದ್ರ ಸೈನ್ ಏನು?"

"ಟ್ಯಾನ್. ಇಲ್ಲಿ ವಿಕರ್ಣ ಕೊಟ್ಟಿಲ್ಲ."

ಋಣದ ಲೆಕ್ಕಕ್ಕೆ ತೇಜಶ್ರೀ ಒಂದು ನಿಯಮ ಕಟ್ಟಿಕೊಟ್ಟಿದ್ದಳು. ಕೊನೆಯ ಪದ ಋಣವಿದ್ದರೆ ಎರಡು ಸಂಖ್ಯೆಗಳಲ್ಲಿ ಒಂದು ಧನ, ಒಂದು ಋಣ. ದೊಡ್ಡದಕ್ಕೆ ನಡುವಿನ ಪದದ ಚಿಹ್ನೆ. ಅದು ಎಷ್ಟು ಸಲ ಮನೆಯಲ್ಲಿ ಮೊಳಗಿತೆಂದರೆ ಹೇಮಲತಾ ಬರೆಯುತ್ತ ತಡೆದಾಗ ಒಲೆಯ ಮುಂದಿನಿಂದ ಜಯವ್ವ ಕೇಳುವಳು, "ನಡುವಿಂದು ಏನೈತಿ?"

"ಋಣ, ಅತ್ತಿ."

"ಹಂಗಾದ್ರ ದೊಡ್ಡದಕ್ಕ ಋಣ ಕೊಡು. ತಿಂಗಳಾತು ಹೇಳಿಕೋತ. ನಂಗ ಬಂತು, ನಿಂಗ ಬರವಲ್ದು."

ಹೇಮಲತಾ ಹಲ್ಲು ಕಚ್ಚಿ ಬರೆದಳು. ಸಂಖ್ಯೆ ಋಣ ನಾಲ್ಕು, ಧನ ಮೂರು. ತೇಜಶ್ರೀ ಸರಿ ಗುರುತು ಹಾಕಿದಳು.

ಚನ್ನವೀರನಿಗೆ ರಜೆ ಸಿಗಲಿಲ್ಲ. ಜೂನ್ ಮೊದಲ ವಾರ ತಾಯಿ ಮಗಳಿಬ್ಬರೇ ರೈಲು ಹತ್ತಿ, ಮೀರಜಿನಲ್ಲಿ ಇಳಿದು ಗಾಡಿ ಬದಲಿಸಿ, ಗೋಕಾಕ ಮುಟ್ಟಿದರು. ಇಪ್ಪತ್ತು ಗಂಟೆಗೂ ಮೀರಿದ ದಾರಿಯಲ್ಲಿ ತೇಜಶ್ರೀ ತಾಯಿಗೆ ಎಷ್ಟು ಸಲ ಸೂತ್ರ ಕೇಳಿದಳೆಂದರೆ ಎದುರು ಸೀಟಿನ ಮುದುಕರು ಎದ್ದು ಬೇರೆ ಬೋಗಿಗೆ ಹೋದರು.

ಪರೀಕ್ಷೆಯ ದಿನ ಶಾಲೆಯ ಗೇಟಿನಲ್ಲಿ ಮಾಸ್ತರೊಬ್ಬರು ಕೈ ಅಡ್ಡ ಹಿಡಿದರು. "ಪಾಲಕರು ಹೊರಗ ನಿಂದರ್ರಿ. ಹುಡುಗಿ ಅಷ್ಟ ಒಳಗ ಬರ್ಲಿ."

"ಹುಡುಗಿ ಹೊರಗ ನಿಂದರತಾಳ್ರಿ," ಎಂದಳು ಹೇಮಲತಾ, ಹಾಲ್ ಟಿಕೆಟ್ ತೋರಿಸುತ್ತ. "ನಾ ಒಳಗ."

ಮೂರು ತಾಸು ತೇಜಶ್ರೀ ಎದುರಿನ ಬೇವಿನ ಮರದ ಕೆಳಗೆ ಮಾವ ಭೀಮಪ್ಪನ ಜೊತೆ ಕೂತಿದ್ದಳು. ಐದೈದು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದಳು. ಗಂಟೆ ಹೊಡೆಯಿತು. ಹದಿನಾರು ವರ್ಷದ ಹುಡುಗರ ಗುಂಪಿನ ನಡುವೆ ಹೇಮಲತಾ ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಬಂದಳು.

"ಪೇಪರ್ ಕೊಡು," ಎಂದಳು ತೇಜಶ್ರೀ. "ಇದನ್ನ ಓದು, ಅಪವರ್ತನದ್ದು."

"ಎಕ್ಸ್ ವರ್ಗ ಋಣ ಎರಡು ಎಕ್ಸ್ ಋಣ ಹದಿನೈದು. ಋಣ ಐದು, ಧನ ಮೂರು ತಗೊಂಡ್ನಿ. ದೊಡ್ಡದಕ್ಕ ಋಣ."

"ಎಕ್ಸ್ ಬೆಲೆ ಎಷ್ಟ ಬರದಿ?"

"ಐದು. ಮತ್ತ ಋಣ ಮೂರು."

"ಬರೋಬರ್!" ತೇಜಶ್ರೀ ಕಿರುಚಿದ್ದಕ್ಕೆ ಪಕ್ಕದ ಹುಡುಗರು ತಿರುಗಿದರು. "ಗೋಪುರದ್ದು?"

"ಅದಕ್ಕ ಸೈನ್ ಹಚ್ಚಿದ್ನಿ."

"ಸೈನ್? ಅದರಾಗ ವಿಕರ್ಣ ಎಲ್ಲಿತ್ತು? ಮಮ್ಮಿ, ಇಪ್ಪತ್ತು ಸಲ..." ಅವಳು ಬಾಯಿ ಮುಚ್ಚಿಕೊಂಡಳು. ಉಸಿರೆಳೆದುಕೊಂಡಳು. "ಇರ್ಲಿ. ನಡಿ, ಮಿರ್ಚಿ ಭಜಿ ತಿನ್ನೂಣು. ನಂಗ ಹಸಿವಾಗೈತಿ."

"ಬೈಯೂದಿದ್ರ ಬೈದ ಬಿಡು. ಹಿಂಗ ನುಂಗಿಕೊಂಡ್ರ ನಂಗ ಅಂಜಿಕಿ ಬರತೈತಿ," ಎಂದಳು ಹೇಮಲತಾ.

ಜೂನ್ ಕೊನೆಗೆ ಫಲಿತಾಂಶ ಬಂತು. ಮೂವತ್ತೊಂಬತ್ತು. ಜುಲೈ ಎರಡನೆಯ ವಾರ ಭೀಮಪ್ಪ ಅಂಕಪಟ್ಟಿ ಕಳಿಸಿದ. ಹೇಮಲತಾ ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಆಸ್ಪತ್ರೆಯ ಆಫೀಸಿಗೆ ಹೋದಳು. ಸಂಜೆ ಮನೆಗೆ ಬಂದ ಮೇಲೆ ಚಪ್ಪಲಿಯನ್ನು ಒದ್ದು ಬಿಟ್ಟಳು.

"ಏನಾತು? ನಡಿಯೂದಿಲ್ಲ ಅಂದ್ರೇನು?" ಎಂದ ಚನ್ನವೀರ.

"ನಡೀತೈತಂತ. ಕೆಲಸ ಪಕ್ಕಾ. ಆದ್ರ ಆ ಆಫೀಸಿನ ಕ್ಲಾರ್ಕ್ ನೋಡಲೇ ಇಲ್ರಿ! ಝೆರಾಕ್ಸ್ ತಗೊಂಡ, ಶಿಕ್ಕಾ ಹೊಡದ, ಫೈಲಿನ್ಯಾಗ ತುರುಕಿದ. ಕನ್ನಡ ಅವಗ ಬರೂದಿಲ್ಲ. ಗಣಿತ ಎಲ್ಲೈತಿ ಅಂತನೂ ಕೇಳಲಿಲ್ಲ. ನಾಲ್ಕು ತಿಂಗಳ ಇಷ್ಟು ಜೀವಾ ತಿಂದದ್ದು, ಒಂದು ನಿಮಿಷ ಕಣ್ಣಾಡಸಬಾರದೇನು?"

"ತಾ ಇಲ್ಲಿ," ಎಂದಳು ಜಯವ್ವ. ಕನ್ನಡಕ ಹಾಕಿಕೊಂಡು ಅಂಕಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಲಿನಿಂದ ಕೆಳಗಿನವರೆಗೆ ಒಂದಕ್ಷರ ಬಿಡದೆ, ಬೋರ್ಡಿನ ಹೆಸರು, ಸೊಸೆಯ ಹೆಸರು, ಸೊಸೆಯ ತಂದೆಯ ಹೆಸರು, ಎಲ್ಲ ಓದಿದಳು. ಕೊನೆಗೆ ಬೆರಳು ನಿಂತಿತು. "ಗಣಿತ. ಮೂವತ್ತೊಂಬತ್ತು. ಉತ್ತೀರ್ಣ."

"ಹೂಂರಿ."

"ಇಷ್ಟಕ್ಕ ನಾ ತಿಂಗಳ ತುಂಬ ರೊಟ್ಟಿ ಬಡದ್ನಿ?"

ಚನ್ನವೀರ ಪೇಢೆ ತಂದಿದ್ದ. ಅರ್ಧ ಕಿಲೋದ ಡಬ್ಬಿ. ಎಲ್ಲರೂ ಒಂದೊಂದು ತಿಂದರು. ಉಳಿದದ್ದನ್ನು ಯಾರಿಗೆ ಹಂಚುವುದು ಎಂಬ ಪ್ರಶ್ನೆ ಬಂತು. ಹೇಮಲತಾ ಪಾಸಾದಳೆಂದು ಯಾರಿಗೆ ಹೇಳುವುದು? ಗೊತ್ತಿದ್ದವರಿಗೆಲ್ಲ ಅವಳು ಎಂದೋ ಪಾಸಾಗಿದ್ದಳು.

"ತೇಜುದು ಏನರ ಐತಿ ಅಂತ ಹೇಳೂಣಲ್ಲ," ಎಂದ ಚನ್ನವೀರ.

"ಮತ್ತೊಂದು ಸುಳ್ಳು?" ಎಂದಳು ತೇಜಶ್ರೀ.

ಜಯವ್ವ ಡಬ್ಬಿ ಎತ್ತಿಕೊಂಡಳು. ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಏರಿದಳು. ಹೇಮಲತಾ ಹಿಂದೆಯೇ ಓಡಿದಳು. "ಅತ್ತಿ, ಬ್ಯಾಡ್ರಿ, ಅತ್ತಿ..." ಅಷ್ಟರಲ್ಲಿ ಪ್ರೇಮಾ ಬಾಗಿಲು ತೆರೆದಿದ್ದಳು.

"ತಗೋರಿ ಪ್ರೇಮಾ. ನಮ್ಮ ಸೊಸಿ ಎಸ್ಸೆಸ್ಸೆಲ್ಸಿ ಪಾಸಾದಳು."

ಪ್ರೇಮಾ ಪೇಢೆಗೆ ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. "ಪಾಸಾಗಿದ್ರಲ್ವಾ ಅವ್ರು? ನೀವೇ ಹೇಳಿದ್ರಿ."

"ಆವಾಗ ಆಕಿ ಅಪ್ಪ ಪಾಸ್ ಮಾಡಿದ್ದ. ಈ ಸಲ ಆಕಿನ ಪಾಸಾಗ್ಯಾಳ."

ಪ್ರೇಮಾ ಮೆಟ್ಟಿಲ ಮೇಲೆ ನಿಂತಿದ್ದ ಹೇಮಲತಾಳನ್ನು ನೋಡಿದಳು, ಜಯವ್ವನನ್ನು ನೋಡಿದಳು. ಆಮೇಲೆ ಒಂದಲ್ಲ, ಎರಡು ಪೇಢೆ ತೆಗೆದುಕೊಂಡಳು. "ಒಳ್ಳೇದಾಯ್ತು ಬಿಡಿ. ಎಷ್ಟು ಬಂತು ಮಾರ್ಕ್ಸು?"

"ಅದನ್ನೊಂದು ಕೇಳಬ್ಯಾಡ್ರಿ," ಎಂದಳು ಜಯವ್ವ. "ಪೇಢೆ ತಿನ್ರಿ."